ಪ್ಯಾಡಿನ ಮೇಲಿನ ತೆರಿಗೆ: ಬಿಲ್ಲಿನಲ್ಲಿ ಸೊನ್ನೆ, ಬೆಲೆಯಲ್ಲಿ ಅಲ್ಲ

ಮಂಜೇಶ್ವರದ ಪೇಟೆಯಿರಲಿ, ಜತ್ತದ ಸಂತೆ ಬೀದಿಯಿರಲಿ, ತಾಳವಾಡಿಯ ಬಸ್ ನಿಲ್ದಾಣದ ಪಕ್ಕದ ಮೆಡಿಕಲ್ ಶಾಪ್ ಇರಲಿ, ಒಂದು ವ್ಯಾಪಾರ ಮಾತ್ರ ಎಲ್ಲೆಡೆ ಒಂದೇ ರೀತಿ ನಡೆಯುತ್ತದೆ. ಹೆಣ್ಣುಮಗಳೊಬ್ಬಳು ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ಮೆಲುದನಿಯಲ್ಲಿ ಪ್ಯಾಡ್ ಕೇಳುತ್ತಾಳೆ. ಅಂಗಡಿಯವನು ಪ್ಯಾಕೆಟ್ಟನ್ನು ಹಳೆ ಪೇಪರಿನಲ್ಲಿ ಸುತ್ತಿ ಕಪ್ಪು ಚೀಲಕ್ಕೆ ಹಾಕಿ ಕೊಡುತ್ತಾನೆ. ಬೆಲೆ ಎಷ್ಟೆಂದು ಆಕೆ ಜಗ್ಗಾಡುವುದಿಲ್ಲ, ಬಿಲ್ ಕೇಳುವುದಿಲ್ಲ, ಹೋದ ತಿಂಗಳಿಗಿಂತ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ನೋಡುವುದೂ ಅಪರೂಪ.

ಆ ಪ್ಯಾಕೆಟ್ಟಿನ ಮೇಲೆ ಸರಕಾರಕ್ಕೆ ತೆರಿಗೆ ಸಲ್ಲಬೇಕೇ ಬೇಡವೇ ಎಂಬುದು 2017 ಮತ್ತು 2018ರಲ್ಲಿ ದೇಶವಿಡೀ ಚರ್ಚೆಯಾದ ವಿಷಯ. 2018ರ ಜುಲೈನಲ್ಲಿ ತೆರಿಗೆ ರದ್ದಾಯಿತು. ಅಲ್ಲಿಗೆ ವಿಷಯ ಮುಗಿಯಿತೆಂದು ಬಹುತೇಕರು ತಿಳಿದರು. ಆದರೆ ತೆರಿಗೆ ರದ್ದಾದದ್ದು ಪ್ಯಾಡಿನ ಬಿಲ್ಲಿನಿಂದಷ್ಟೇ. ಪ್ಯಾಡ್ ತಯಾರಿಸುವ ಸಾಮಗ್ರಿಗಳ ಮೇಲಿನ ತೆರಿಗೆ ಹಾಗೆಯೇ ಇದ್ದು, ಬೆಲೆಯೊಳಗೆ ಸೇರಿಕೊಂಡು ಕೊನೆಗೆ ಅದೇ ಹೆಣ್ಣುಮಗಳ ಕೈಯಿಂದಲೇ ವಸೂಲಾಗುತ್ತಿದೆ. ಇದು ಹೇಗೆ, ಇದಕ್ಕೆ ಪರಿಹಾರವೇನು, ಗಡಿನಾಡಿನ ಮನೆಗಳಿಗೆ ಇದರಿಂದ ಆಗುವ ವ್ಯತ್ಯಾಸವೆಷ್ಟು ಎಂಬುದನ್ನು ನೋಡುವುದು ಅಗತ್ಯ.

ಕುಂಕುಮಕ್ಕಿಲ್ಲದ ತೆರಿಗೆ

ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಜಾರಿಗೆ ಬಂದದ್ದು 2017ರ ಜುಲೈ 1ರಂದು. ಅದಕ್ಕೂ ಮೊದಲು ಒಂದೊಂದು ರಾಜ್ಯದಲ್ಲಿ ಒಂದೊಂದು ವ್ಯಾಟ್ ಕಾಯಿದೆ ಇತ್ತು. ಕರ್ನಾಟಕ 2005ರಲ್ಲಿ ವ್ಯಾಟ್ ತಂದರೆ ತಮಿಳುನಾಡು ತಂದದ್ದು 2007ರಲ್ಲಿ. ಕೆಲವು ವಸ್ತುಗಳು ಗಡಿಯ ಈಚೆ ಅಗ್ಗ, ಕೆಲವು ಆಚೆ ಅಗ್ಗ ಎಂಬ ಲೆಕ್ಕ ಗಡಿ ಊರಿನ ಎಲ್ಲರಿಗೂ ಬಾಯಿಪಾಠವಾಗಿತ್ತು. ಜಿಎಸ್‌ಟಿ ಬಂದ ಮೇಲೆ ಬಹುತೇಕ ಸರಕುಗಳಿಗೆ ಎರಡೂ ಕಡೆ ಒಂದೇ ದರವಾಯಿತು. ಸ್ಯಾನಿಟರಿ ಪ್ಯಾಡಿಗೆ ನಿಗದಿಯಾದ ದರ ಶೇ. 12.

ಅದೇ ಪಟ್ಟಿಯಲ್ಲಿ ಕುಂಕುಮ, ಬಿಂದಿ, ಸಿಂಧೂರ, ಕಾಡಿಗೆ, ಗಾಜಿನ ಬಳೆಗಳಿಗೆ ತೆರಿಗೆ ಇರಲಿಲ್ಲ. ಹೆಣ್ಣು ಹಣೆಗೆ ಇಡುವುದು ಅಗತ್ಯ ವಸ್ತು, ಮೈಯ ಆರೋಗ್ಯಕ್ಕೆ ಬೇಕಾದದ್ದು ಅಲ್ಲವೇ ಎಂಬ ಪ್ರಶ್ನೆ ಆಗ ಎದ್ದಿತು. ಅಸ್ಸಾಮಿನ ಸಿಲ್ಚರ್ ಕ್ಷೇತ್ರದ ಅಂದಿನ ಸಂಸದೆ ಸುಷ್ಮಿತಾ ದೇವ್ ಸಹಿ ಸಂಗ್ರಹಕ್ಕೆ ಮುಂದಾದರು. ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ದಾಖಲಾಯಿತು. 2017ರ ನವೆಂಬರ್‌ನಲ್ಲಿ ಅದರ ವಿಚಾರಣೆ ನಡೆಸಿದ ಪೀಠ, ಬಿಂದಿ, ಕಾಡಿಗೆಗೆ ವಿನಾಯಿತಿ ಕೊಡುವುದಾದರೆ ಪ್ಯಾಡಿಗೆ ಯಾಕಿಲ್ಲ ಎಂದು ಕೇಂದ್ರ ಸರಕಾರವನ್ನು ಕೇಳಿತು. ದರ ನಿರ್ಧರಿಸುವ 31 ಸದಸ್ಯರ ಮಂಡಳಿಯಲ್ಲಿ ಒಬ್ಬ ಮಹಿಳೆಯೂ ಇಲ್ಲದಿರುವುದನ್ನು ಎತ್ತಿ ತೋರಿಸಿತು.

ಸರಕಾರದ ಬಳಿಯೂ ಉತ್ತರವಿತ್ತು. ಹಣಕಾಸು ಸಚಿವಾಲಯ 2017ರ ಜುಲೈನಲ್ಲೇ ವಿವರಣೆ ನೀಡಿತ್ತು. ಜಿಎಸ್‌ಟಿಗೆ ಮೊದಲು ಪ್ಯಾಡಿನ ಮೇಲೆ ಶೇ. 6 ಕೇಂದ್ರ ಅಬಕಾರಿ ಸುಂಕ, ಶೇ. 5 ವ್ಯಾಟ್ ಇತ್ತು. ಒಳಗಿನ ತೆರಿಗೆಗಳನ್ನೂ ಕೂಡಿಸಿದರೆ ಒಟ್ಟು ಹೊರೆ ಶೇ. 13.68 ಆಗುತ್ತಿತ್ತು, ಈಗ ಶೇ. 12 ಆಗಿರುವುದರಿಂದ ಹೊರೆ ಇಳಿದಿದೆ ಎಂಬುದು ಮೊದಲ ವಾದ. ಎರಡನೆಯ ವಾದ ಇನ್ನೂ ಮುಖ್ಯವಾದದ್ದು. ಪ್ಯಾಡಿಗೆ ಬೇಕಾಗುವ ಹೀರುವ ಪುಡಿ, ಪ್ಲಾಸ್ಟಿಕ್ ಹಾಳೆ, ಅಂಟು ಮೊದಲಾದವುಗಳಿಗೆ ಶೇ. 18 ತೆರಿಗೆ, ಮರದ ತಿರುಳು, ನೇಯದ ಬಟ್ಟೆ ಮುಂತಾದವಕ್ಕೆ ಶೇ. 12. ಪ್ಯಾಡಿನ ಮೇಲಿನ ತೆರಿಗೆ ಸೊನ್ನೆ ಮಾಡಿದರೆ ಈ ಸಾಮಗ್ರಿಗಳ ಮೇಲೆ ಕಟ್ಟಿದ ತೆರಿಗೆ ತಯಾರಕರಿಗೆ ವಾಪಸ್ ಸಿಗುವುದಿಲ್ಲ. ವಿದೇಶದಿಂದ ಬರುವ ಪ್ಯಾಡಿಗೆ ಮಾತ್ರ ಪೂರ್ತಿ ಲಾಭ ಎಂದು ಸಚಿವಾಲಯ ಹೇಳಿತು.

ಹೋರಾಟದ ಬಿಸಿಯಲ್ಲಿ ಈ ಮಾತನ್ನು ನೆಪವೆಂದು ತಳ್ಳಿಹಾಕಿದವರೇ ಹೆಚ್ಚು. 2018ರ ಜುಲೈ 21ರಂದು ಜಿಎಸ್‌ಟಿ ಮಂಡಳಿ ತನ್ನ 28ನೇ ಸಭೆಯಲ್ಲಿ ಪ್ಯಾಡಿಗೆ ವಿನಾಯಿತಿ ಘೋಷಿಸಿತು. ಜುಲೈ 27ರಿಂದ ಅದು ಜಾರಿಗೆ ಬಂತು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಶೇ. 12 ಮತ್ತು ಶೇ. 28ರ ದರಗಳು ಬಹುತೇಕ ಹೋದಾಗಲೂ ಪ್ಯಾಡಿನ ವಿನಾಯಿತಿ ಮುಂದುವರಿಯಿತು.

ನಾಲ್ಕು ಸಾಲಿನ ಲೆಕ್ಕ

ಸರಕಾರದ ಎರಡನೆಯ ವಾದ ನೆಪವಾಗಿರಲಿಲ್ಲ ಎಂಬುದು ಒಂದು ಚಿಕ್ಕ ಲೆಕ್ಕದಿಂದ ತಿಳಿಯುತ್ತದೆ. ಇದು ಉದಾಹರಣೆಗಾಗಿ ಹಾಕಿದ ಲೆಕ್ಕ. ಒಂದು ಪ್ಯಾಕೆಟ್ಟಿಗೆ ತಯಾರಕ ಇಡುವ ತೆರಿಗೆರಹಿತ ಬೆಲೆ 30 ರೂ. ಎಂದಿಟ್ಟುಕೊಳ್ಳೋಣ. ಅದರೊಳಗೆ 15 ರೂ. ಕಚ್ಚಾವಸ್ತು, ಅದಕ್ಕೆ ಶೇ. 18ರಂತೆ 2 ರೂ. 70 ಪೈಸೆ ತೆರಿಗೆಯನ್ನು ಆತ ಮೊದಲೇ ಕಟ್ಟಿರುತ್ತಾನೆ.

ಹಿಂದೆ ಪ್ಯಾಡಿನ ಮೇಲೆ ಶೇ. 12 ಇದ್ದಾಗ ಬಿಲ್ಲಿನಲ್ಲಿ 3 ರೂ. 60 ಪೈಸೆ ತೆರಿಗೆ ಸೇರಿ ಬೆಲೆ 33 ರೂ. 60 ಪೈಸೆ. ಆತ ಮೊದಲು ಕಟ್ಟಿದ್ದ 2 ರೂ. 70 ಪೈಸೆಯನ್ನು ಇದರಲ್ಲಿ ಮುರಿದುಕೊಂಡು ಉಳಿದ 90 ಪೈಸೆಯನ್ನು ಮಾತ್ರ ಸರಕಾರಕ್ಕೆ ಸಲ್ಲಿಸುತ್ತಿದ್ದ. ಹೀಗೆ ಮುರಿದುಕೊಳ್ಳುವ ಅವಕಾಶಕ್ಕೆ ವ್ಯಾಪಾರಿಗಳು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನುತ್ತಾರೆ.

ವಿನಾಯಿತಿ ಬಂದ ಮೇಲೆ ಬಿಲ್ಲಿನಲ್ಲಿ ತೆರಿಗೆ ಇಲ್ಲ. ಆದರೆ ಮುರಿದುಕೊಳ್ಳುವ ಅವಕಾಶವೂ ಇಲ್ಲ. 2 ರೂ. 70 ಪೈಸೆ ತಯಾರಕನ ಖರ್ಚಾಯಿತು. ಅವನು ಅದನ್ನು ಬೆಲೆಗೆ ಸೇರಿಸುತ್ತಾನೆ. ಪ್ಯಾಕೆಟ್ಟಿನ ಬೆಲೆ 32 ರೂ. 70 ಪೈಸೆ. ಅಂದರೆ ಶೇ. 12 ತೆರಿಗೆ ರದ್ದಾಯಿತು ಎಂಬ ದೊಡ್ಡ ಸುದ್ದಿಯಿಂದ ಇಳಿಯಬೇಕಾದ 3 ರೂ. 60 ಪೈಸೆಯ ಬದಲು ಇಳಿಯುವುದು 90 ಪೈಸೆ.

ಇನ್ನೊಂದು ದಾರಿ ಇತ್ತು. ಪ್ಯಾಡಿನ ಮೇಲೆ ಶೇ. 5 ತೆರಿಗೆ ಇಟ್ಟಿದ್ದರೆ ಬಿಲ್ಲಿನಲ್ಲಿ 1 ರೂ. 50 ಪೈಸೆ ಬರುತ್ತಿತ್ತು. ತಯಾರಕ ಮೊದಲು ಕಟ್ಟಿದ್ದು ಅದಕ್ಕಿಂತ 1 ರೂ. 20 ಪೈಸೆ ಹೆಚ್ಚು. ಕಚ್ಚಾವಸ್ತುವಿನ ದರ ಸಿದ್ಧವಸ್ತುವಿನ ದರಕ್ಕಿಂತ ಹೆಚ್ಚಿದ್ದಾಗ ಹೀಗೆ ಉಳಿದ ಹಣವನ್ನು ಮರಳಿ ಪಡೆಯಲು ಜಿಎಸ್‌ಟಿ ಕಾಯಿದೆಯ 54ನೇ ಕಲಮು ಅವಕಾಶ ಕೊಡುತ್ತದೆ. ಆಗ ಪ್ಯಾಕೆಟ್ಟಿನ ಬೆಲೆ 31 ರೂ. 50 ಪೈಸೆ. ಕೇಳಲು ವಿಚಿತ್ರವೆನಿಸಿದರೂ ಈ ಲೆಕ್ಕದಲ್ಲಿ ಶೇ. 5 ತೆರಿಗೆ ಇರುವ ಪ್ಯಾಡ್ ತೆರಿಗೆ ಇಲ್ಲದ ಪ್ಯಾಡಿಗಿಂತ ಅಗ್ಗ.

ಎಲ್ಲಕ್ಕಿಂತ ಒಳ್ಳೆಯ ದಾರಿ ಮೂರನೆಯದು. ಬಿಲ್ಲಿನ ತೆರಿಗೆ ಸೊನ್ನೆ, ಜೊತೆಗೆ ಕಚ್ಚಾವಸ್ತುವಿನ ತೆರಿಗೆ ಪೂರ್ತಿ ವಾಪಸ್. ಆಗ ಬೆಲೆ ನೇರ 30 ರೂ. ದಕ್ಷಿಣ ಆಫ್ರಿಕಾ 2019ರ ಏಪ್ರಿಲ್ 1ರಿಂದ ಇದನ್ನೇ ಮಾಡಿತು. ನಮ್ಮ ಕಾಯಿದೆಯಲ್ಲಿ ಈ ಸವಲತ್ತು ಇರುವುದು ರಫ್ತಿಗೆ ಮತ್ತು ವಿಶೇಷ ಆರ್ಥಿಕ ವಲಯಗಳಿಗೆ ಹೋಗುವ ಸರಕಿಗೆ. ಹಡಗು ಹತ್ತಿ ಹೋಗುವ ಪ್ಯಾಡಿಗೆ ಒಳಗಿನ ತೆರಿಗೆಯೂ ವಾಪಸ್. ಅದೇ ಕಾರ್ಖಾನೆಯಿಂದ ಅಕ್ಕಲಕೋಟೆಗೋ ಆದವಾನಿಗೋ ಬರುವ ಪ್ಯಾಡಿಗೆ ಇಲ್ಲ.

ಸಣ್ಣ ಘಟಕಗಳಿಗೆ ಆದದ್ದೇನು?

ಪ್ಯಾಡ್ ಎಂದರೆ ದೊಡ್ಡ ಕಂಪನಿಯೇ ಆಗಬೇಕಿಲ್ಲ ಎಂದು ತೋರಿಸಿಕೊಟ್ಟವರು ಕೊಯಮತ್ತೂರಿನ ಅರುಣಾಚಲಂ ಮುರುಗಾನಂತಂ. ಕಡಿಮೆ ಬೆಲೆಯ ಅವರ ಯಂತ್ರ ಹಲವು ರಾಜ್ಯಗಳ ಮಹಿಳಾ ಗುಂಪುಗಳಿಗೆ ತಲುಪಿತು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೇರಳದ ಕುಟುಂಬಶ್ರೀ, ಮಹಾರಾಷ್ಟ್ರದ ಬಚತ್ ಗಟ್, ಆಂಧ್ರದ ಡ್ವಾಕ್ರಾ, ಕರ್ನಾಟಕದ ಸ್ತ್ರೀಶಕ್ತಿ ಎಂದು ಹೆಸರು ಬೇರೆಯಾದರೂ ಗಡಿಯ ಎರಡೂ ಬದಿಯ ಹೆಂಗಸರಿಗೆ ಸಂಘ ಕಟ್ಟಿ ಸಣ್ಣ ಉದ್ಯಮ ನಡೆಸುವುದು ಹೊಸತಲ್ಲ.

ಇಂಥ ಸಣ್ಣ ಘಟಕಗಳ ವಹಿವಾಟು 2017ರಲ್ಲಿ ವರ್ಷಕ್ಕೆ 20 ಲಕ್ಷ ರೂ. ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಿರಲಿಲ್ಲ. ಅವು ಗಿರಾಕಿಯಿಂದ ತೆರಿಗೆ ವಸೂಲು ಮಾಡುತ್ತಿರಲಿಲ್ಲ, ಕಚ್ಚಾವಸ್ತುವಿನ ತೆರಿಗೆ ಅವಕ್ಕೆ ವಾಪಸ್ಸೂ ಸಿಗುತ್ತಿರಲಿಲ್ಲ. ಮೇಲಿನ ಲೆಕ್ಕದಂತೆ ಅವುಗಳ ಪ್ಯಾಕೆಟ್ 32 ರೂ. 70 ಪೈಸೆಗೆ ಬಂದರೆ ಕಂಪನಿಯದ್ದು 33 ರೂ. 60 ಪೈಸೆ. 90 ಪೈಸೆಯ ಆ ಸಣ್ಣ ಅನುಕೂಲ ವಿನಾಯಿತಿ ಬಂದ ದಿನ ಇಲ್ಲವಾಯಿತು. ಎರಡೂ ಒಂದೇ ಬೆಲೆಗೆ ನಿಂತಾಗ ಟಿ.ವಿ. ಜಾಹೀರಾತಿನ ಬಲವಿದ್ದವರು ಗೆಲ್ಲುವುದು ಸಹಜ. ಕಚ್ಚಾವಸ್ತುವಿನ ಮೇಲಿನ ತೆರಿಗೆ ಇಳಿದರೆ ಮೊದಲು ಉಸಿರಾಡುವವರು ಈ ಸಂಘದ ಹೆಂಗಸರೇ.

ಇಳಿದ ತೆರಿಗೆ ಯಾರ ಜೇಬಿಗೆ?

ತೆರಿಗೆ ಇಳಿದ ಮಾತ್ರಕ್ಕೆ ಬೆಲೆ ಇಳಿಯುತ್ತದೆಂಬ ಖಾತರಿಯೂ ಇಲ್ಲ. ಪೂರ್ವ ಆಫ್ರಿಕಾದ ಕೀನ್ಯಾ 2004ರಲ್ಲೇ ಪ್ಯಾಡಿನ ವ್ಯಾಟ್ ತೆಗೆದು ಹೆಸರಾಯಿತು. ನೆರೆಯ ತಾಂಜಾನಿಯಾ 2018ರಲ್ಲಿ ಅದೇ ದಾರಿ ಹಿಡಿಯಿತು. ವ್ಯಾಪಾರಿಗಳು ಬೆಲೆ ಇಳಿಸಲಿಲ್ಲ ಎಂಬ ಕಾರಣ ಕೊಟ್ಟು ಮರುವರ್ಷವೇ ಅಲ್ಲಿನ ಸರಕಾರ ತೆರಿಗೆಯನ್ನು ಮತ್ತೆ ಹೇರಿತು. ತಪ್ಪು ವ್ಯಾಪಾರಿಗಳದ್ದು, ದಂಡ ಹೆಂಗಸರಿಗೆ. ಬ್ರಿಟನ್ 2021ರ ಜನವರಿ 1ರಂದು ತನ್ನ ಶೇ. 5 ತೆರಿಗೆಯನ್ನು ಸೊನ್ನೆ ಮಾಡಿತು. 2022ರಲ್ಲಿ ಅಲ್ಲಿನ ತೆರಿಗೆ ತಜ್ಞರ ಸಂಸ್ಥೆಯೊಂದು ಬೆಲೆಗಳನ್ನು ಪರಿಶೀಲಿಸಿ, ಲಾಭದ ಬಹುಪಾಲು ಅಂಗಡಿಗಳಲ್ಲೇ ಉಳಿಯಿತೆಂದು ಹೇಳಿತು.

ನಮ್ಮಲ್ಲಿ ತೆರಿಗೆ ಇಳಿಕೆಯ ಲಾಭ ಗಿರಾಕಿಗೆ ತಲುಪದಿದ್ದರೆ ದೂರು ಕೊಡಲು ಕಾಯಿದೆಯ 171ನೇ ಕಲಮು ಇತ್ತು, ಅದಕ್ಕೊಂದು ರಾಷ್ಟ್ರೀಯ ಪ್ರಾಧಿಕಾರವೂ ಇತ್ತು. 2022ರ ಕೊನೆಗೆ ಆ ಪ್ರಾಧಿಕಾರದ ಅವಧಿ ಮುಗಿದು ಕೆಲಸ ಬೇರೆಯವರ ಕೈಗೆ ಹೋಯಿತು. 2025ರ ಏಪ್ರಿಲ್ 1ರಿಂದ ಹೊಸ ದೂರು ಸ್ವೀಕರಿಸುವುದೇ ನಿಂತಿದೆ. ಈಗ ಕಾವಲಿಗೆ ಉಳಿದಿರುವುದು ಗಿರಾಕಿಯ ಕಣ್ಣು ಮಾತ್ರ. ಆದರೆ ಈ ವಸ್ತುವಿನ ಗಿರಾಕಿ ಪ್ಯಾಕೆಟ್ಟಿನ ಮೇಲಿನ ಬೆಲೆಯನ್ನು ಅಂಗಡಿಯಲ್ಲಿ ನಿಂತು ಓದಲೂ ಸಂಕೋಚಪಡುತ್ತಾಳೆ. ಕಪ್ಪು ಚೀಲ ಮುಚ್ಚುವುದು ಪ್ಯಾಡನ್ನು ಮಾತ್ರವಲ್ಲ, ಬೆಲೆಯನ್ನೂ ಹೌದು.

ಬಟ್ಟೆ ಬಳಸುವವಳ ಪಾಲಿಗೆ?

ಇನ್ನು ಈ ಚರ್ಚೆಯಲ್ಲಿ ಬಹುಮಟ್ಟಿಗೆ ಮರೆತುಹೋದವಳು ಪ್ಯಾಡನ್ನೇ ಕೊಳ್ಳದ ಹೆಣ್ಣು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 64 ಮಂದಿ ಪ್ಯಾಡ್ ಬಳಸುತ್ತಾರೆ, ಶೇ. 50 ಮಂದಿ ಬಟ್ಟೆ ಬಳಸುತ್ತಾರೆ. ಎರಡನ್ನೂ ಬಳಸುವವರು ಇರುವುದರಿಂದ ಒಟ್ಟು ನೂರು ದಾಟುತ್ತದೆ. ಮನೆಯಿಂದ ಹೊರಹೋಗುವಾಗ ಪ್ಯಾಡ್, ಮನೆಯಲ್ಲಿದ್ದಾಗ ಹಳೆ ಸೀರೆಯ ತುಂಡು ಎಂಬುದು ಅನೇಕ ಮನೆಗಳ ಪದ್ಧತಿ. ಇದು ಯುವತಿಯರ ಲೆಕ್ಕ. ಅವರ ತಾಯಂದಿರನ್ನು ಸಮೀಕ್ಷೆ ಈ ಪ್ರಶ್ನೆ ಕೇಳಿಲ್ಲ.

ತೆರಿಗೆ ವಿನಾಯಿತಿಯಿಂದ ಬಟ್ಟೆ ಬಳಸುವವಳಿಗೆ ಒಂದು ಪೈಸೆಯ ಲಾಭವಿಲ್ಲ. ಹೊಸ ಹತ್ತಿ ಬಟ್ಟೆ ಕೊಂಡರೆ ಅದಕ್ಕೆ ಶೇ. 5 ಜಿಎಸ್‌ಟಿ ಕಟ್ಟಲೇಬೇಕು. ಚೆನ್ನಾಗಿ ಒಗೆದು ಬಿಸಿಲಿಗೆ ಒಣಹಾಕಿದ ಬಟ್ಟೆ ಕೆಟ್ಟದ್ದೇನಲ್ಲ. ಆದರೆ ನೀರಿಗೆ ಪರದಾಡುವ ಊರುಗಳಲ್ಲಿ, ಗಂಡಸರ ಕಣ್ಣಿಗೆ ಬೀಳಬಾರದೆಂದು ಮೂಲೆಯಲ್ಲಿ, ಬೇರೆ ಬಟ್ಟೆಯಡಿಯಲ್ಲಿ ಒಣಹಾಕುವ ಮನೆಗಳಲ್ಲಿ ಅದು ಸೋಂಕಿಗೆ ದಾರಿಯಾಗುತ್ತದೆ.

ಆಕೆ ಪ್ಯಾಡಿಗೆ ಬದಲಾಗಬೇಕೆಂದರೆ ಎಷ್ಟು ಬೇಕು? ತಿಂಗಳಿಗೆ 12 ಪ್ಯಾಡ್, ಒಂದಕ್ಕೆ 5 ರೂ. ಎಂದು ಹಿಡಿದರೆ ವರ್ಷಕ್ಕೆ 720 ರೂ. ತಾಯಿ, ಇಬ್ಬರು ಹೆಣ್ಣುಮಕ್ಕಳ ಮನೆಗೆ 2160 ರೂ. ಶೇ. 12 ತೆರಿಗೆ ಒಳಗೊಂಡ 720 ರೂ. ಎಂದುಕೊಂಡರೆ ಅದರಲ್ಲಿ ತೆರಿಗೆಯ ಪಾಲು 77 ರೂ. ಪೂರ್ತಿ 77 ರೂ. ಇಳಿದರೂ ಉಳಿಯುವುದು 643 ರೂ. ಕೂಲಿಯ ಮನೆಯಲ್ಲಿ ಹೆಣ್ಣುಮಗಳ ಪ್ಯಾಡಿಗೆ ಹಣ ಸಿಗುವುದು ಅಕ್ಕಿ, ಎಣ್ಣೆ, ಔಷಧಿ, ಗಂಡಸರ ಖರ್ಚು ಎಲ್ಲ ಕಳೆದ ಮೇಲೆ.

ಹಾಗಾದರೆ ತೆರಿಗೆಯ ಪ್ರಶ್ನೆ ಚಿಕ್ಕದೇ? ಅಲ್ಲ. ಸೋಪು, ಪೇಸ್ಟಿಗೂ ತೆರಿಗೆ ಇದೆ, ಇದಕ್ಕೇಕೆ ಬೇಡ ಎಂದು ಕೇಳುವವರಿದ್ದಾರೆ. ಸೋಪು ಎಲ್ಲರೂ ಬಳಸುವ ವಸ್ತು. ಇದು ಹೆಣ್ಣಾಗಿ ಹುಟ್ಟಿದ್ದಕ್ಕೆ ಮಾತ್ರ ಬರುವ ಖರ್ಚು, ತಿಂಗಳು ತಿಂಗಳೂ ಬರುವಂಥದ್ದು, ಮುಂದೂಡಲಾಗದ್ದು. ಇಂಥದ್ದರ ಮೇಲೆ ತೆರಿಗೆ ಹಾಕುವುದು ನ್ಯಾಯವಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ತೆರಿಗೆ ತೆಗೆಯುವುದು ನ್ಯಾಯದ ಮೊದಲ ಮೆಟ್ಟಿಲು. ಬಡ ಮನೆಯ ಬಾಗಿಲು ಅಲ್ಲಿಂದ ಇನ್ನೂ ಕೆಲವು ಮೆಟ್ಟಿಲು ದೂರ.

ಗಡಿಯಲ್ಲಿ ಬದಲಾಗುವ ಯೋಜನೆ

ಆ ದೂರವನ್ನು ತುಂಬಬೇಕಾದದ್ದು ಅಗ್ಗದ ಮತ್ತು ಉಚಿತ ಪ್ಯಾಡಿನ ಯೋಜನೆಗಳು. ತೆರಿಗೆಯ ದರ ಎರಡೂ ಕಡೆ ಒಂದೇ ಆದ ಮೇಲೂ ಗಡಿ ಎದ್ದು ಕಾಣುವುದು ಇಲ್ಲಿ.

ತಮಿಳುನಾಡು 2012ರಲ್ಲೇ ‘ಪುದು ಯುಗಂ’ ಹೆಸರಿನಲ್ಲಿ 10ರಿಂದ 19 ವರ್ಷದ ಗ್ರಾಮೀಣ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡಲಾರಂಭಿಸಿತು. ಕರ್ನಾಟಕದ ‘ಶುಚಿ’ ಯೋಜನೆ 2013-14ರಲ್ಲಿ ಬಂದು, ನಡುವೆ ಕೆಲಕಾಲ ನಿಂತು, ಮತ್ತೆ ಆರಂಭವಾಯಿತು. ಕೇರಳ 2017ರಲ್ಲಿ ಶಾಲೆಗಳಿಗೆ ‘ಶೀ ಪ್ಯಾಡ್’ ತಂದಿತು. 2023-24ರ ಬಜೆಟ್ಟಿನಲ್ಲಿ ವರ್ಷಗಟ್ಟಲೆ ಬಾಳುವ ಮುಟ್ಟಿನ ಕಪ್‌ಗಳ ಪ್ರಚಾರಕ್ಕೆ 10 ಕೋಟಿ ರೂ. ತೆಗೆದಿಟ್ಟಿತು. ಮಹಾರಾಷ್ಟ್ರದಲ್ಲಿ 2018ರ ಮಾರ್ಚ್ 8ರಂದು ಆರಂಭವಾದ ‘ಅಸ್ಮಿತಾ’ ಯೋಜನೆ ಜಿಲ್ಲಾ ಪರಿಷತ್ ಶಾಲೆಯ ಹುಡುಗಿಯರಿಗೆ 8 ಪ್ಯಾಡಿನ ಪ್ಯಾಕೆಟ್ಟನ್ನು 5 ರೂ.ಗೆ ಕೊಡುವ ಭರವಸೆ ನೀಡಿತ್ತು. ಆಂಧ್ರಪ್ರದೇಶದಲ್ಲಿ 2021ರ ಅಕ್ಟೋಬರ್‌ನಲ್ಲಿ ಬಂದ ‘ಸ್ವೇಚ್ಛ’ 7ರಿಂದ 12ನೇ ತರಗತಿಯವರಿಗೆ ತಿಂಗಳಿಗೆ 10 ಪ್ಯಾಡಿನ ಕಾರ್ಯಕ್ರಮವಾಗಿತ್ತು.

ಪಟ್ಟಿ ನೋಡಲು ಚೆನ್ನಾಗಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಶಾಲೆಯ ಹುಡುಗಿಗಾಗಿ ಮಾಡಿದವು. ಶಾಲೆ ಬಿಟ್ಟು ಕೂಲಿಗೆ ಹೋಗುವವಳು, ಮದುವೆಯಾಗಿ ಗಡಿಯಾಚೆಗೆ ಹೋದವಳು, ನಲ್ವತ್ತರ ತಾಯಿ ಇದರ ಹೊರಗೆ ಉಳಿಯುತ್ತಾರೆ. ಸರಕಾರ ಬದಲಾದರೆ, ಟೆಂಡರ್ ತಡವಾದರೆ ಯೋಜನೆ ನಿಲ್ಲುತ್ತದೆ, ಮುಟ್ಟು ನಿಲ್ಲುವುದಿಲ್ಲ. ಶಾಲಾ ವಿದ್ಯಾರ್ಥಿನಿಯರಿಗಾಗಿ ಏಕರೂಪದ ರಾಷ್ಟ್ರೀಯ ನೀತಿ ರೂಪಿಸುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಕೇಂದ್ರಕ್ಕೆ ಸೂಚಿಸಿದ್ದು ಇಂಥ ಅಸಮಾನತೆಯ ಹಿನ್ನೆಲೆಯಲ್ಲೇ.

ಗಡಿನಾಡ ಕನ್ನಡಿಗರಿಗೆ ಇನ್ನೊಂದು ತೊಡಕೂ ಇದೆ. ಪ್ಯಾಡನ್ನು ಎಷ್ಟು ಗಂಟೆಗೆ ಬದಲಿಸಬೇಕು, ಹೇಗೆ ವಿಲೇವಾರಿ ಮಾಡಬೇಕು, ಕಪ್ಪನ್ನು ಹೇಗೆ ಕುದಿಸಿ ಶುಚಿ ಮಾಡಬೇಕು ಎಂಬ ವಿವರ ಮನೆಮಾತಿನಲ್ಲಿದ್ದರೆ ಮಾತ್ರ ತಾಯಿ ಮಗಳಿಗೆ ಓದಿ ಹೇಳಬಲ್ಲಳು. ಪೇಟೆಯಲ್ಲಿ ಮಲಯಾಳವನ್ನೋ ಮರಾಠಿಯನ್ನೋ ಸರಾಗವಾಗಿ ಆಡುವವಳೂ ಇಂಥ ಮಾತನ್ನು ಆಡುವುದು ಅಡುಗೆಮನೆಯ ಭಾಷೆಯಲ್ಲೇ.

ಒಂದು ರೂಪಾಯಿಯ ಪ್ಯಾಡ್

ಎಲ್ಲ ರಾಜ್ಯಗಳಲ್ಲೂ ಸಿಗಬೇಕಾದ, ವಯಸ್ಸು ಕೇಳದ, ಶಾಲೆ ಕೇಳದ ಒಂದು ಸೌಲಭ್ಯವಿದೆ. ಜನೌಷಧಿ ಕೇಂದ್ರಗಳಲ್ಲಿ ಮಾರುವ ‘ಸುವಿಧಾ’ ಪ್ಯಾಡ್. 2018ರ ಜೂನ್‌ನಲ್ಲಿ ಒಂದಕ್ಕೆ ಎರಡೂವರೆ ರೂ.ನಂತೆ ಆರಂಭವಾದ ಇದರ ಬೆಲೆಯನ್ನು 2019ರ ಆಗಸ್ಟ್ 27ರಂದು ಒಂದು ರೂಪಾಯಿಗೆ ಇಳಿಸಲಾಯಿತು. ತಿಂಗಳಿಗೆ 12ರಂತೆ ವರ್ಷಕ್ಕೆ 144 ರೂ. ತೆರಿಗೆ ವಿನಾಯಿತಿ ಹೆಚ್ಚೆಂದರೆ 77 ರೂ. ಇಳಿಸಬಲ್ಲದು, ಇದು 576 ರೂ. ಇಳಿಸುತ್ತದೆ. ಆದರೆ ಜನೌಷಧಿ ಕೇಂದ್ರಗಳು ಹೆಚ್ಚಾಗಿ ಇರುವುದು ಪೇಟೆಯಲ್ಲಿ. ಹಳ್ಳಿಯಿಂದ ಪೇಟೆಗೆ ಹೋಗಿಬರುವ ಬಸ್ ಚಾರ್ಜಿಗೇ ಆ ಉಳಿತಾಯ ಖರ್ಚಾದರೆ ಒಂದು ರೂಪಾಯಿಯ ಪ್ಯಾಡ್ ಒಂದು ರೂಪಾಯಿಯದ್ದಾಗಿ ಉಳಿಯುವುದಿಲ್ಲ.

ಆದ್ದರಿಂದ ಕೇಳಬೇಕಾದದ್ದು ಎರಡು ಕಡೆ. ದೆಹಲಿಯಲ್ಲಿ ಕೇಳಬೇಕಾದದ್ದು: ಪ್ಯಾಡಿನ ಕಚ್ಚಾವಸ್ತುವಿನ ತೆರಿಗೆಯನ್ನು ತಯಾರಕರಿಗೆ ಹಿಂದಿರುಗಿಸುವ ದಾರಿ. ಕಾಯಿದೆ ತಿದ್ದಿ ರಫ್ತು ಸರಕಿನ ಸವಲತ್ತನ್ನು ಇದಕ್ಕೂ ಕೊಡಬಹುದು, ಇಲ್ಲವೇ ಕಚ್ಚಾವಸ್ತುಗಳ ದರವನ್ನೇ ಇಳಿಸಬಹುದು. ಮಂಡಳಿಯಲ್ಲಿ ಕೂರುವವರು ರಾಜ್ಯಗಳ ಮಂತ್ರಿಗಳೇ ಆದ್ದರಿಂದ ಈ ಬೇಡಿಕೆಯನ್ನು ಸ್ಥಳೀಯ ಶಾಸಕರ ಮೂಲಕವೂ ಮುಟ್ಟಿಸಬಹುದು.

ಊರಿನಲ್ಲಿ ಕೇಳಬೇಕಾದದ್ದು ಇನ್ನೂ ಸುಲಭ. ಜನೌಷಧಿಯ ಪ್ಯಾಡ್ ಸ್ತ್ರೀಶಕ್ತಿ, ಕುಟುಂಬಶ್ರೀ, ಬಚತ್ ಗಟ್ಟಿನ ಮನೆಗಳಲ್ಲಿ ಸಿಗುವಂತೆ ಮಾಡಬಹುದೇ? ಶಾಲೆಗೆ ಈ ವರ್ಷ ಎಷ್ಟು ಪ್ಯಾಕೆಟ್ ಬಂತು, ಎಷ್ಟು ತಿಂಗಳು ಬಂತು? ಮಾಹಿತಿ ಹಾಳೆ ಕನ್ನಡದಲ್ಲಿದೆಯೇ? ಈ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳಬಹುದು. ರಸ್ತೆ, ನೀರು, ಬೀದಿದೀಪದ ಬಗ್ಗೆ ಗಟ್ಟಿಯಾಗಿ ಮಾತನಾಡುವ ಸಭೆಯಲ್ಲಿ ಇದನ್ನೂ ಕೇಳಲು ಮೊದಲು ಏಳುವವಳಿಗೆ ತುಸು ಧೈರ್ಯ ಬೇಕಾದೀತು. ಎರಡನೆಯವಳಿಗೆ ಅಷ್ಟು ಬೇಕಾಗದು.